ಇಪ್ಪತ್ತೊಂದು ದಿನದ ಉಂಗುರ

ಇವತ್ತು ತಾನು ಬಾಯಿ ಬಿಡುತ್ತೇನೋ ಇಲ್ಲವೋ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಅಚ್ಚಿನ ಕೋಣೆಯ ಬೀಗ ತೆಗೆದು, ಬಿಳಿ ಕೋಟು ತೊಟ್ಟು, ಕೂದಲನ್ನೆಲ್ಲ ಟೋಪಿಯೊಳಗೆ ತುರುಕಿಕೊಂಡು ಕೈಗವಸು ಏರಿಸುವಷ್ಟರಲ್ಲಿ ಹನ್ನೊಂದು ಗಂಟೆಯ ಸಭೆ ಅವಳ ತಲೆಯೊಳಗೆ ಹತ್ತು ಸಲ ನಡೆದುಹೋಗಿತ್ತು. ಒಂದೇ ಒಂದು ಸಲ ಅವಳು ಎದ್ದು ನಿಂತು ಎಲ್ಲವನ್ನೂ ಹೇಳಿದ್ದಳು. ಉಳಿದ ಒಂಬತ್ತು ಸಲ ಮೇಜಿನ ಮೇಲಿನ ಗೆರೆ ನೋಡುತ್ತ ಕೂತಿದ್ದಳು. ನಿನ್ನೆ ಸಂಜೆ ಹೊಯ್ದ ಎರಕ ತಣ್ಣಗಾಗಿತ್ತು. ನಾಲ್ಕು ತಿರುಪು ಬಿಚ್ಚಿ ಮೇಲಿನ ಫಲಕ ಎತ್ತಿದಳು. ಎಂಟು ಉಂಗುರಗಳು, ಕೆನೆಯ ಬಣ್ಣದವು, ಎಳೆಮಗುವಿನ ಕೈಗೆ ಬಳೆಯಾಗುವಷ್ಟು ಅಗಲದವು, ಗುಳಿಗಳಲ್ಲಿ ಮಲಗಿದ್ದವು. ಒಂದೊಂದನ್ನೇ ಬೆರಳ ತುದಿಯಿಂದ ಎಬ್ಬಿಸಿ, ಭೂತಗನ್ನಡಿಯ ಕೆಳಗೆ ತಿರುಗಿಸಿ, ಅಂಚಿನಲ್ಲಿ ಉಳಿದ ಕೂದಲೆಳೆಯಷ್ಟು ರಬ್ಬರನ್ನು ಬ್ಲೇಡಿನಿಂದ ಹೆರೆದಳು. ಹೆರೆಯುವ ಕೆಲಸಕ್ಕೆ ಯಂತ್ರ ತರಿಸುತ್ತೇವೆಂದು ಐದು ವರ್ಷದಿಂದ ಹೇಳುತ್ತಲೇ ಇದ್ದಾರೆ. ಬಾರದಿದ್ದರೆ ಸಾಕು ಎಂದು ಅವಳು ಒಳಗೊಳಗೇ ಹಾರೈಸುತ್ತಾಳೆ. ಒಂದು ಗುಳ್ಳೆ, ಒಂದು ಚೂಪು ಅಂಚು ಅವಳ ಕೈ ದಾಟಿ ಆಚೆ ಹೋದದ್ದಿಲ್ಲ. ಒಂಬತ್ತು ವರ್ಷದಲ್ಲಿ ಒಂದೂ ಇಲ್ಲ. ಯಾವ ಹೆಂಗಸಿನ ಒಳಗೆ ಇದು ಹೋಗುತ್ತದೋ ಅವಳಿಗೆ ಇದು ಇದೆ ಅನ್ನುವುದೇ ಮರೆತುಹೋಗಬೇಕು. ಈ ಕಟ್ಟಳೆಯನ್ನು ಅವಳಿಗೆ ಯಾರೂ ಹಾಕಿರಲಿಲ್ಲ, ತಾನೇ ಹಾಕಿಕೊಂಡಿದ್ದಳು.

ಮೆತ್ತಗಿನ ಸಿಲಿಕೋನ್ ರಬ್ಬರಿನಲ್ಲಿ ಎರಡು ಔಷಧಿ ಬೆರೆಸಿ ಮಾಡಿದ ಉಂಗುರ. ಹೆಣ್ಣು ತಾನೇ ತನ್ನ ಕೈಯಾರೆ ಒಳಗಿಟ್ಟುಕೊಳ್ಳಬೇಕು, ತಾನೇ ತೆಗೆಯಬೇಕು. ಒಂದು ಔಷಧಿ ಬಸಿರಾಗದಂತೆ ನೋಡಿಕೊಳ್ಳುತ್ತದೆ. ಇನ್ನೊಂದು, ಜೊತೆಯ ಗಂಡಸಿನಿಂದ ಅಂಟಬಹುದಾದ ಎಚ್‌ಐವಿಯನ್ನೂ ಹರ್ಪಿಸ್ ಹುಣ್ಣನ್ನೂ ಹೊಸಿಲಲ್ಲೇ ತಡೆಯುತ್ತದೆ. ಅವನನ್ನು ಕೇಳಬೇಕಾಗಿಲ್ಲ, ಅವನಿಗೆ ಹೇಳಬೇಕಾಗಿಲ್ಲ, ಅವನು ಒಪ್ಪಬೇಕಾಗಿಲ್ಲ. ಇಡೀ ಸಂಸ್ಥೆ ಇದರ ಹಿಂದೆ ಬಿದ್ದು ಹದಿನಾಲ್ಕು ವರ್ಷ. ಅದರಲ್ಲಿ ಒಂಬತ್ತು ವರ್ಷ ಅಚ್ಚಿನ ಕೋಣೆ ಅವಳದು, ಹಾಗಾಗಿ ಅವಳ ಹೆಸರೂ ಅಚ್ಚಮ್ಮ ಆಗಿಹೋಗಿದೆ. ಮೊದಮೊದಲು ಹಾಗೆ ಕರೆದರೆ ಮುಖ ಗಂಟಿಕ್ಕುತ್ತಿದ್ದಳು. ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ಏನೋ ಎಡವಟ್ಟಾಗಿದೆ ಎಂದು ಎದೆ ಧಸಕ್ಕೆನ್ನುತ್ತದೆ. ನಿನ್ನೆ ಮಧ್ಯಾಹ್ನ ನಿರ್ದೇಶಕರು ಹಾಗೇ ಹೆಸರು ಹಿಡಿದು ಕರೆದು, ಕುರ್ಚಿ ತೋರಿಸಿ, ಗೋಡೆಯ ಮೇಲೆ ಚಿತ್ರ ಹಾಕಿ ತೋರಿಸಿದ್ದರು. ನೀಲಿ ಗೆರೆಯೊಂದು ಎಡದಿಂದ ಬಲಕ್ಕೆ ಸಲೀಸಾಗಿ ಇಳಿದು, ಇಪ್ಪತ್ತೆಂಟನೇ ದಿನಕ್ಕೂ ಕೆಂಪು ಗೆರೆಯ ಮೇಲೇ ನಿಂತಿತ್ತು. ಕೆಂಪು ಗೆರೆಗಿಂತ ಔಷಧಿ ಕಡಿಮೆಯಾದರೆ ಸೋಂಕು ತಡೆಯುವ ಶಕ್ತಿ ಇಲ್ಲ ಎಂದು ಅರ್ಥ.

"ಸರ್, ಇದು ಸರಾಸರಿ," ಎಂದಿದ್ದಳು ಅವಳು. ಅವರಿಗೆ ಈ ಮಾತು ಹೇಳಿದ್ದು ಅದು ಮೂರನೆಯ ಸಲ.

"ಹೌದು. ಸರಾಸರಿನೇ ತೋರಿಸೋದು."

"ಏಳು ಜನದಲ್ಲಿ ಇಪ್ಪತ್ನಾಕನೇ ದಿನಕ್ಕೇ ಕೆಳಗಿಳಿದಿದೆ ಸರ್. ಬಸಿರು ತಡೆಯೋ ಔಷಧಿ ಸರಿಯಾಗಿದೆ, ಆದ್ರೆ ಸೋಂಕು ತಡೆಯೋದು..."

"ಮೂವತ್ತಾರರಲ್ಲಿ ಏಳು. ಅವರು ಸರಿಯಾಗಿ ಹಾಕ್ಕೊಂಡಿದ್ರೋ ಇಲ್ವೋ ಯಾರಿಗೆ ಗೊತ್ತು? ನೀವು ಅಚ್ಚಿನ ಬಗ್ಗೆ ಕೇಳಿದ್ರೆ ಅಚ್ಚಿನ ಬಗ್ಗೆ ಹೇಳಿ. ಉಳಿದಿದ್ದು ನನಗೆ ಬಿಡಿ. ತಿಂಗಳಿಗೊಂದು ಅಂದ್ರೆ ಯಾರಿಗಾದ್ರೂ ಅರ್ಥ ಆಗುತ್ತೆ. ಇಪ್ಪತ್ತಮೂರು ದಿನ, ಇಪ್ಪತ್ನಾಕು ದಿನ ಅಂತ ಹೋದ್ರೆ ಹೆಂಗಸರು ಗೊಂದಲಕ್ಕೆ ಬೀಳ್ತಾರೆ, ಅಷ್ಟೇ."

ಅವರು ಕೆಟ್ಟವರೇನಲ್ಲ. ಅದೇ ತೊಡಕು. ಹದಿನಾಲ್ಕು ವರ್ಷದಲ್ಲಿ ಅವರ ತಲೆಯ ಕೂದಲು ಉದುರಿದ್ದು, ರಜೆ ಹಾಕದೆ ದುಡಿದದ್ದು, ಎರಡು ಸಲ ಸಂಸ್ಥೆಯನ್ನೇ ಮುಚ್ಚುತ್ತೇವೆ ಅಂದವರ ಬಾಗಿಲಿಗೆ ಅಲೆದು ಉಳಿಸಿಕೊಂಡದ್ದು ಎಲ್ಲವನ್ನೂ ಅವಳು ಕಂಡಿದ್ದಾಳೆ. ಆ ನೀಲಿ ಗೆರೆಯನ್ನು ಅವರು ನಂಬಿದ್ದರು. ನಂಬದೆ ಬೇರೆ ದಾರಿಯೇ ಇಲ್ಲ ಅನ್ನುವಷ್ಟು ದಣಿದಿದ್ದರು. ಆದರೆ ಆ ಏಳು ಜನ ಗೆರೆಯಾಗಿರಲಿಲ್ಲ ಅವಳಿಗೆ. ಮೂರು ದಿನಕ್ಕೊಮ್ಮೆ ಚಿಕಿತ್ಸಾಲಯದ ಸಿಸ್ಟರ್ ತೆಗೆದು ಕಳಿಸಿದ ಮಾದರಿಗಳನ್ನು ಅಳೆದವಳು ಅವಳೇ. ಪ್ರತಿ ತಿಂಗಳು ಮುಗಿದ ಮೇಲೆ ವಾಪಸು ಬಂದ ಉಂಗುರಗಳ ಪೊಟ್ಟಣ ಬಿಚ್ಚಿದವಳೂ ಅವಳೇ. ಪೊಟ್ಟಣದ ಮೇಲೆ ಬರೀ ನಂಬರು. ಆದರೂ ಹದಿನಾಲ್ಕನೇ ನಂಬರಿನವಳು ಪ್ರತಿ ಪೊಟ್ಟಣದೊಳಗೂ ಉಂಗುರವನ್ನು ಒಂದು ಶುಭ್ರವಾದ ಬಟ್ಟೆಯ ತುಂಡಿನಲ್ಲಿ ಸುತ್ತಿ ಕಳಿಸುತ್ತಿದ್ದಳು, ಯಾರೂ ಹಾಗೆ ಮಾಡು ಎಂದು ಹೇಳಿರಲಿಲ್ಲ. ಎಷ್ಟು ಜೋಪಾನ! ಅಂಥವಳು ಸರಿಯಾಗಿ ಹಾಕಿಕೊಳ್ಳದೆ ಇರುತ್ತಾಳೆಯೇ? ಆ ಹದಿನಾಲ್ಕನೆಯವಳೇ ಏಳರಲ್ಲಿ ಒಬ್ಬಳು. ಕೊನೆಯ ನಾಲ್ಕು ದಿನ ಅವಳು ತನಗೆ ಕಾವಲಿದೆ ಎಂದುಕೊಂಡು ಮನೆಯ ದೀಪ ಆರಿಸಿ ಮಲಗಿದ್ದಾಳೆ, ಬಾಗಿಲ ಅಗುಳಿ ಹಾಕಿಯೇ ಇರಲಿಲ್ಲ.

ಏನೂ ಆಗಲ್ಲ, ತಗೋ, ಎಂದು ಅಚ್ಚಮ್ಮನೇ ಹಿಂದೊಮ್ಮೆ ಒಬ್ಬಳಿಗೆ ಹೇಳಿದ್ದಳು. ತಂಗಿ ಮದುವೆಯಾದ ಎರಡನೆಯ ವರ್ಷ. ಅಡುಗೆಮನೆಯ ಕಟ್ಟೆಗೆ ಬೆನ್ನು ಕೊಟ್ಟು ನಿಂತು ತಂಗಿ ಸೌಟಿನ ಹಿಡಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅವಳ ಗಂಡ ಊರೂರು ಸುತ್ತಿ ಸರಕು ಮಾರುವವನು, ತಿಂಗಳಲ್ಲಿ ಇಪ್ಪತ್ತು ದಿನ ಹೊರಗೆ. "ಅಕ್ಕ, ನಂಗೆ ಭಯ ಆಗುತ್ತೆ ಕಣೇ. ಅವರು ಹೊರಗಡೆ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಅಕ್ಕ ರಸಾಯನಶಾಸ್ತ್ರ ಓದಿದವಳು, ಅಕ್ಕನಿಗೆ ಗೊತ್ತಿರುತ್ತದೆ ಎಂದು ಬಂದಿದ್ದಳು. ಅಕ್ಕನಿಗೆ ಅರ್ಥವೂ ಆಗಿತ್ತು. ಆದರೆ ನಾಚಿಕೆಯೋ, ಹೇಸಿಗೆಯೋ, ಆ ಮಾತು ಮುಂದುವರಿದರೆ ತಾನೇ ಏನಾದರೂ ಮಾಡಬೇಕಾಗುತ್ತದೆಂಬ ಅಂಜಿಕೆಯೋ, ಅರ್ಥವಾಗದವಳ ಹಾಗೆ, ಮಗು ಈಗಲೇ ಬೇಡ ಅಂತ ತಾನೆ ನಿನ್ನ ಭಯ ಎಂದು ನಕ್ಕು, ಬೀರುವಿನಿಂದ ಮಾತ್ರೆಯ ಪಟ್ಟಿ ತೆಗೆದು ಅವಳ ಕೈಯಲ್ಲಿಟ್ಟಿದ್ದಳು. ಮಾತ್ರೆ ಸುಳ್ಳಾಡಲಿಲ್ಲ. ತಂಗಿ ಬಸಿರಾಗಲಿಲ್ಲ. ಬೇರೆಯದು ಬಂತು. ಆಸ್ಪತ್ರೆಯ ಓಣಿಯಲ್ಲಿ ಕಾಗದ ಕೈಗೆ ಬಂದ ದಿನ ತಂಗಿ ಅಳಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ, "ಮನೆಗೆ ಹೋಗೋಣ ಅಕ್ಕ, ಹಸಿವಾಗ್ತಿದೆ" ಎಂದಿದ್ದಳು. ಗಂಡನ ಮನೆಗೆ ಮತ್ತೆ ಕಾಲಿಡಲಿಲ್ಲ. ದಿನಾ ಮಾತ್ರೆ ನುಂಗುತ್ತಾಳೆ, ಗಟ್ಟಿಮುಟ್ಟಾಗಿದ್ದಾಳೆ, ಹದಿನಾರು ವರ್ಷದಿಂದ ಬಸ್ಸಿನ ಕಂಡಕ್ಟರು. ಆದರೆ ಆ ಕಾಗದದ ವಿಷಯ ಅಮ್ಮನಿಗೆ ಗೊತ್ತಿಲ್ಲ, ನೆಂಟರಿಷ್ಟರಿಗೆ ಗೊತ್ತಿಲ್ಲ; ಗೊತ್ತಾಗದಂತೆ ಎಲ್ಲರ ಬಾಯಿಗೂ ಅಡ್ಡ ನಿಂತು ಕಾಯ್ದವಳು ಅಕ್ಕ.

ಬ್ಲೇಡು ಕೈಯಲ್ಲೇ ನಿಂತಿತ್ತು. ಎಂಟನೆಯ ಉಂಗುರ ಮುಗಿಸಿ ತಟ್ಟೆಯಲ್ಲಿಟ್ಟಳು. ತನ್ನ ಕೆಲಸವನ್ನೂ ಅವಳು ಹೀಗೇ ಮುಚ್ಚಿಟ್ಟಿದ್ದಳಲ್ಲ. ಮದುವೆಮನೆಗಳಲ್ಲಿ ಅವಳ ಗಂಡ "ರಬ್ಬರ್ ಸಾಮಾನಿನ ಕಂಪನಿ" ಎಂದು ಹೇಳಿ ಮಾತು ಬದಲಿಸುತ್ತಿದ್ದ. ಒಮ್ಮೆ ಗಂಡನ ಚಿಕ್ಕಪ್ಪ, "ಓಹೋ, ಬೂಟಿನ ಅಟ್ಟೆ ಮಾಡ್ತೀಯೇನಮ್ಮಾ?" ಎಂದರೆ ಅವಳು ಹೂಂ ಎಂದುಬಿಟ್ಟಿದ್ದಳು. ಅಲ್ಲಿಂದಾಚೆಗೆ ಆ ಚಿಕ್ಕಪ್ಪ ಸಿಕ್ಕಾಗಲೆಲ್ಲ ತನ್ನ ಕಾಲಿನ ಅಳತೆ ಎಂಟು ಎಂದು ನೆನಪಿಸುತ್ತಿದ್ದರು. ಕೊನೆಗೆ ಅಂಗಡಿಯಿಂದ ಒಂದು ಜೊತೆ ಬೂಟು ತಂದು, ಇದು ನಮ್ಮದೇ ಎಂದು ಕೊಟ್ಟು ಕೈ ತೊಳೆದುಕೊಂಡಿದ್ದಳು. ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ, ನಗುವಿನ ಹಿಂದೆಯೇ ಕಿವಿ ಬಿಸಿಯಾಗುತ್ತದೆ. ಚಿಕ್ಕಪ್ಪ ಆ ಬೂಟನ್ನು ನಾಲ್ಕು ವರ್ಷ ಹಾಕಿದರು, ಹೊಗಳಿದ್ದೂ ಹೊಗಳಿದ್ದೇ. ತಾನು ಮಾಡದ ಬೂಟಿಗೆ ಅಷ್ಟು ಹೊಗಳಿಕೆ ತಿಂದವಳು, ತಾನು ಮಾಡಿದ್ದಕ್ಕೆ ಒಂದು ಮಾತೂ ಕೇಳಿಸಿಕೊಂಡಿರಲಿಲ್ಲ.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಆಚೆಗೆ ಹೊರಗಿನ ಸಮಿತಿಯ ಐದು ಜನ. ಹೊಸ ಔಷಧಿಯನ್ನು ಹೆಂಗಸರ ಮೇಲೆ ಪರೀಕ್ಷಿಸುವ ಮೊದಲು, ಅದರಿಂದ ಅವರಿಗೆ ಮೋಸವಾಗದು ಎಂದು ಈ ಐದು ಜನ ಒಪ್ಪಬೇಕು. ಒಪ್ಪಿದರೆ ಮೂವತ್ತಾರು ಜನರ ಜಾಗದಲ್ಲಿ ಎರಡು ಸಾವಿರ ಜನರ ದೊಡ್ಡ ಪರೀಕ್ಷೆ. ನಡುವೆ ಅಧ್ಯಕ್ಷೆ, ನಿವೃತ್ತ ಹೆರಿಗೆ ಡಾಕ್ಟರು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಎಲ್ಲರನ್ನೂ ಅದರ ಮೇಲಿನಿಂದಲೇ ನೋಡುವವರು. ಅವರ ಎಡಕ್ಕೆ ಒಬ್ಬ ವಕೀಲರು. ತೀರ ಬಲತುದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸು, ಔಷಧಿ ಬಳಸುವವರ ಪರವಾಗಿ ಸಮಿತಿಯಲ್ಲಿ ಇರಲೇಬೇಕೆಂಬ ನಿಯಮಕ್ಕಾಗಿ ಬಂದವಳು, ಎದೆಯ ಮೇಲೆ ಸಿಕ್ಕಿಸಿದ್ದ ಗುಂಡುಸೂಜಿಯನ್ನು ತೆಗೆಯುವುದು ಮರೆತು ಬಂದಿದ್ದಳು. ಅಚ್ಚಮ್ಮ ಬಾಗಿಲ ಬಳಿ ಕೂತಿದ್ದಳು. ನೀರಿನ ಲೋಟ ಖಾಲಿಯಾದಾಗ ವಕೀಲರು ಅವಳತ್ತ ತಿರುಗಿ ಲೋಟ ಎತ್ತಿ ತೋರಿಸಿದರು. ಅವಳು ಎದ್ದು ಹೋಗಿ ತುಂಬಿಸಿಕೊಟ್ಟಳು. ಕೊಟ್ಟು ಬಂದು ಕೂತ ಮೇಲೆ, ಯಾಕೆ ಎದ್ದೆ ಎಂದು ತನ್ನ ಮೇಲೇ ಸಿಟ್ಟು ಬಂತು. ನಿರ್ದೇಶಕರು ಮಾತಾಡುತ್ತಿದ್ದರು, ಚೆನ್ನಾಗಿಯೇ ಮಾತಾಡುತ್ತಿದ್ದರು. ನೀಲಿ ಗೆರೆ ಬಂತು. ಇಳಿಯಿತು. ಕೆಂಪು ಗೆರೆಯ ಮೇಲೆ ನಿಂತಿತು. ಎಲ್ಲರೂ ತಲೆದೂಗಿದರು. ಅವಳಿಗೆ ಆ ಗೆರೆಯ ಕೆಳಗೆ ಬಟ್ಟೆಯ ತುಂಡಿನಲ್ಲಿ ಸುತ್ತಿದ ಒಂದು ಉಂಗುರ ಕಾಣುತ್ತಿತ್ತು. ಚಿತ್ರ ಬದಲಾಯಿತು. ಹೋಯಿತು ಎಂದುಕೊಂಡಳು. ಒಂದು ಕ್ಷಣ ನಿಜವಾಗಿಯೂ ಹಗುರಾಯಿತು, ತಪ್ಪಿಸಿಕೊಂಡೆ ಎನ್ನುವ ಹಗುರ. ಮಾತ್ರೆಯ ಪಟ್ಟಿ ತಂಗಿಯ ಕೈಯಲ್ಲಿಟ್ಟು ಒಲೆಯ ಕಡೆ ತಿರುಗಿಕೊಂಡಾಗಲೂ ಹೀಗೇ ಹಗುರಾಗಿತ್ತು.

"ತಯಾರಿಕೆ ಬಗ್ಗೆ ಏನಾದ್ರೂ ಹೇಳೋದಿದ್ಯಾ?" ವಕೀಲರು ಗಡಿಯಾರ ನೋಡುತ್ತ ಕೇಳಿದರು.

"ಇದೆ," ಎಂದಳು. ತನ್ನ ದನಿ ತನಗೇ ದೊಡ್ಡದೆನಿಸಿತು. "ಅಚ್ಚಲ್ಲಿ ತೊಂದರೆ ಇಲ್ಲ. ಒಂದೊಂದನ್ನೂ ನಾನೇ ನೋಡಿ ಬಿಡೋದು. ಆದ್ರೆ ಇದು ಇಪ್ಪತ್ತೆಂಟು ದಿನಕ್ಕೆ ಸಾಲದು."

ಕುರ್ಚಿಯೊಂದು ಕಿರ್ರೆಂದಿತು. ನಿರ್ದೇಶಕರದು. ಅವಳು ಅತ್ತ ನೋಡಲಿಲ್ಲ. ಕೋಟಿನ ಜೇಬಿನಿಂದ ಅಳತೆಯ ಪುಸ್ತಕ ತೆಗೆದು, ಮೂಲೆ ಮಡಿಸಿದ್ದ ಹಾಳೆ ಬಿಚ್ಚಿ, ಏಳು ನಂಬರುಗಳನ್ನು ಓದಿದಳು. ನಾಲ್ಕು, ಒಂಬತ್ತು, ಹದಿನಾಲ್ಕು. ಹದಿನಾಲ್ಕರ ಮೇಲೆ ಬೆರಳಿಟ್ಟು, ಉಳಿದ ನಾಲ್ಕನ್ನೂ ಓದಿ ಮುಗಿಸಿದಳು. ಎಲ್ಲರಿಗೂ ಇಪ್ಪತ್ನಾಲ್ಕನೇ ದಿನಕ್ಕೆ ಕೆಳಗಿಳಿದಿತ್ತು. ಇಪ್ಪತ್ತೊಂದರವರೆಗೆ ಮೂವತ್ತಾರು ಜನರಲ್ಲಿ ಒಬ್ಬರಿಗೂ ಇಳಿದಿರಲಿಲ್ಲ.

"ಮೇಡಂ, ಸರಾಸರಿ ನೋಡಿದ್ರೆ..." ನಿರ್ದೇಶಕರು ಅಧ್ಯಕ್ಷೆಯ ಕಡೆ ಬಾಗಿದರು.

"ಸರ್," ಅವಳೇ ತಡೆದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವರ ಮಾತಿನ ನಡುವೆ ಮಾತಾಡಿದ್ದು. "ಸರಾಸರಿ ಹೆಂಗಸು ಅಂತ ಒಬ್ಬಳೂ ನಮ್ಮ ಹತ್ರ ಬರ್ಲಿಲ್ಲ. ಬಂದಿದ್ದು ಮೂವತ್ತಾರು ಜನ."

ಬಲತುದಿಯಿಂದ ಬಟ್ಟೆ ಹೊಲಿಯುವವಳು ಗಂಟಲು ಸರಿಮಾಡಿಕೊಂಡಳು. "ನಾನು ಹೆಚ್ಚು ಓದಿದೋಳಲ್ಲ. ಆದ್ರೆ ಮೂವತ್ತಾರು ಜನರ ಅಳತೆ ಕೂಡಿಸಿ, ಭಾಗಿಸಿ ಒಂದೇ ಅಂಗಿ ಹೊಲಿದ್ರೆ, ಅರ್ಧ ಜನಕ್ಕೆ ತೋಳೇ ಹೊಗಲ್ಲ. ಅಂಗಿ ಆದ್ರೆ ಬಿಚ್ಚಿ ಹೊಲೀಬಹುದು. ಇದನ್ನ ಹೇಗೆ ಬಿಚ್ಚಿ ಹೊಲೀತೀರಿ?"

"ನನ್ನ ಚಿಂತೆ ಇಷ್ಟೇ," ನಿರ್ದೇಶಕರು ಹಣೆ ಒರೆಸಿಕೊಂಡರು. "ಇಪ್ಪತ್ತೊಂದು ದಿನಕ್ಕೆ ತೆಗೀಬೇಕು, ಹೊಸದು ಹಾಕ್ಬೇಕು ಅಂದ್ರೆ ಹೆಂಗಸರಿಗೆ ಲೆಕ್ಕ ಇಡೋದು ಕಷ್ಟ. ತಿಂಗಳು ಅಂದ್ರೆ ಸುಲಭ."

ಬಟ್ಟೆ ಹೊಲಿಯುವವಳು ಅವರನ್ನೇ ಕರುಣೆಯಿಂದ ನೋಡಿದಳು. "ದಿನ ಎಣಿಸೋದನ್ನ ಹೆಂಗಸರಿಗೆ ಹೇಳಿಕೊಡ್ಬೇಕಾ ಸರ್?"

ಅಧ್ಯಕ್ಷೆ ಜೋರಾಗಿ ನಕ್ಕರು. ನಗುವ ಭರದಲ್ಲಿ ಕನ್ನಡಕ ಮೂಗಿನಿಂದ ಜಾರಿ ಮೇಜಿನ ಮೇಲೆ ಬಿತ್ತು. ಕನ್ನಡಕವಿಲ್ಲದ ಆ ಮುಖ ಬೇರೆಯೇ ಆಗಿತ್ತು, ಯಾರದೋ ದೊಡ್ಡಮ್ಮನ ಮುಖದ ಹಾಗೆ. ಆಮೇಲೆ ಪುಸ್ತಕವನ್ನು ತರಿಸಿಕೊಂಡು ಹಾಳೆ ಹಾಳೆ ತಿರುವಿದರು. ಮುಕ್ಕಾಲು ಗಂಟೆ ಪ್ರಶ್ನೆಗಳು. ಮಾದರಿ ಇಡುವ ನೀರಿನ ತೊಟ್ಟಿಯ ಬಿಸಿ ಎಷ್ಟಿತ್ತು, ಮಾದರಿ ಎಷ್ಟು ಹೊತ್ತು ಹೊರಗಿತ್ತು, ಅಳೆಯುವ ಯಂತ್ರವನ್ನು ಯಾವತ್ತು ಸರಿ ನೋಡಿದ್ದು. ಅವಳು ಒಂದಕ್ಕೂ ತಡವರಿಸಲಿಲ್ಲ. ಉತ್ತರ ಹೇಳುತ್ತ ಹೇಳುತ್ತ ಅವಳಿಗೆ ಒಂದು ವಿಚಿತ್ರ ಸಂತೋಷವಾಗತೊಡಗಿತು. ಅಂಜಿಕೆ ಎಲ್ಲಿಗೆ ಹೋಯಿತೋ! ತನಗೆ ಇಷ್ಟೆಲ್ಲ ಗೊತ್ತಿದೆ ಎನ್ನುವುದು ತನಗೇ ಹೊಸದಾಗಿ ಕೇಳಿಸುತ್ತಿತ್ತು, ಪಕ್ಕದ ಕೋಣೆಯಲ್ಲಿ ಯಾರೋ ಚೆನ್ನಾಗಿ ಮಾತಾಡುತ್ತಿರುವುದನ್ನು ಕೇಳಿದ ಹಾಗೆ. ಒಂದೂವರೆಗೆ ತೀರ್ಮಾನವಾಯಿತು. ದೊಡ್ಡ ಪರೀಕ್ಷೆಗೆ ಒಪ್ಪಿಗೆ. ಉಂಗುರ ಇಪ್ಪತ್ತೊಂದು ದಿನಕ್ಕೆ. ಯಾಕೆ ಇಪ್ಪತ್ತೊಂದು ಎನ್ನುವುದನ್ನು, ಪರೀಕ್ಷೆಗೆ ಸೇರುವ ಪ್ರತಿಯೊಬ್ಬಳಿಗೂ ಅವಳಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಮೊದಲಿನ ಮೂವತ್ತಾರು ಜನರನ್ನೂ ಕರೆಸಿ ಹೇಳಬೇಕು, ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಬೇಕು.

"ಅವರದ್ದು ಆಗಿದೆ ಮೇಡಂ," ಎಂದಳು ಅವಳು. "ಹೋದ ವಾರ ಸಿಸ್ಟರ್ ಹತ್ರ ಕೇಳ್ಕೊಂಡು ಮಾಡಿಸಿದೆ. ಯಾರಿಗೂ ಏನೂ ಅಂಟಿಲ್ಲ."

"ಹೋದ ವಾರ?" ಅಧ್ಯಕ್ಷೆ ಕನ್ನಡಕದ ಮೇಲಿನಿಂದ ನೋಡಿದರು. "ಹಾಗಾದ್ರೆ ಗೊತ್ತಾಗಿದ್ದು ಯಾವಾಗ?"

"ಮೂರು ವಾರದ ಹಿಂದೆ."

ಅಧ್ಯಕ್ಷೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ಮೇಲೆ ಅವತ್ತೇ ಹೇಳಿ," ಎಂದಷ್ಟೇ ಅಂದು, ಉಂಗುರ ಮಾಡುವ ಜಾಗ ನೋಡಬೇಕೆಂದು ಎದ್ದರು. ಅಚ್ಚಿನ ಕೋಣೆಯಲ್ಲಿ ಐದು ಜನ ಟೋಪಿ ಹಾಕಿಕೊಂಡು ಸಾಲಾಗಿ ನಿಂತರೆ ಜಾಗವೇ ಸಾಲದು. ಅವಳು ಒಂದು ಎರಕ ಹೊಯ್ದು ತೋರಿಸಿದಳು. ಗಾಳಿ ಎಳೆಯುವ ಪಾತ್ರೆಯೊಳಗೆ ರಬ್ಬರು ಹಾಲಿನ ಹಾಗೆ ಉಕ್ಕಿ, ಗುಳ್ಳೆಯೆಲ್ಲ ಒಡೆದು, ಕನ್ನಡಿಯ ಹಾಗೆ ಸಮನಾಗಿ ಕೂತಿತು. ಬಟ್ಟೆ ಹೊಲಿಯುವವಳು ಸಿದ್ಧವಾದ ಉಂಗುರವೊಂದನ್ನು ಹಿಂಡಿ, ಎಂಟರ ಆಕಾರಕ್ಕೆ ಮಡಿಸಿ, ಬಿಟ್ಟು, ಅದು ತಟ್ಟನೆ ದುಂಡಗಾದಾಗ "ಅಬ್ಬ, ಎಷ್ಟು ನಯವಾಗಿದೆ! ಯಾರ ಕೈ ಕೆಲಸ ಇದು?" ಎಂದಳು. "ನಂದೇ," ಎಂದಳು ಅಚ್ಚಮ್ಮ. ಎರಡೇ ಅಕ್ಷರ. ಹೇಳಿದ ಮೇಲೆ ಮೈಯೆಲ್ಲ ಬೆಚ್ಚಗಾಯಿತು. ಆಗ ಅಧ್ಯಕ್ಷೆ, ಟೋಪಿ ತೆಗೆಯುತ್ತ, ಬರೀ ಮಾತಿಗೆಂಬಂತೆ ಕೇಳಿದರು: "ಈ ಕೆಲಸಕ್ಕೆ ಹೇಗೆ ಬಂದ್ರಿ ನೀವು?"

"ಏನಿಲ್ಲ ಮೇಡಂ, ಕೆಲಸ ಖಾಲಿ ಇತ್ತು, ಬಂದೆ."

ಅವರು ಹೊರಟುಹೋದರು. ಅವಳು ಪಾತ್ರೆ ತೊಳೆಯುತ್ತ ನಿಂತಳು. ಬೂಟಿನ ಅಟ್ಟೆಗೆ ಹೂಂ ಎಂದವಳೇ ಅಧ್ಯಕ್ಷೆಗೂ ಉತ್ತರ ಕೊಟ್ಟದ್ದು. ಐದು ಜನರ ಮುಂದೆ ನಿರ್ದೇಶಕರನ್ನು ತಡೆದ ನಾಲಿಗೆ, ನನ್ನ ತಂಗಿಗಾಗಿ ಬಂದೆ ಎನ್ನಲಾರದೆ ಒಳಗೆ ಸರಿದಿತ್ತು. ಬಾಗಿಲ ಬಳಿ ನೆರಳಾಡಿತು. ನಿರ್ದೇಶಕರು ಒಳಗೆ ಬರದೆ ಹೊಸಿಲಲ್ಲೇ ನಿಂತಿದ್ದರು.

"ಮೊದಲೇ ನನಗೆ ಹೇಳಬಹುದಿತ್ತು ನೀವು."

"ಮೂರು ಸಲ ಹೇಳಿದೆ ಸರ್."

ಅವರು ಬಾಗಿಲ ಚೌಕಟ್ಟಿನ ಮೇಲಿನ ಬಣ್ಣದ ಚಕ್ಕೆಯನ್ನು ಉಗುರಿನಿಂದ ಎಬ್ಬಿಸಿದರು. "ಹೌದು," ಎಂದರು. "ಹೇಳಿದ್ರಿ." ಚಕ್ಕೆ ಕೆಳಗೆ ಬಿತ್ತು. "ವರದೀಲಿ ಆ ಇಪ್ಪತ್ತೊಂದು ದಿನದ ಅಧ್ಯಾಯ ನೀವೇ ಬರೀರಿ. ನಿಮ್ಮ ಹೆಸರಲ್ಲೇ ಹೋಗ್ಲಿ. ನನಗೆ ಇನ್ನೂ ಸಿಟ್ಟಿದೆ, ಇವತ್ತು ಇನ್ನೇನೂ ಮಾತಾಡೋದು ಬೇಡ." ಅವರು ಹೋದ ಮೇಲೆ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅರ್ಧ ದಿನದ ರಜೆ ಬರೆದಿಟ್ಟು ಚೀಲ ಹೆಗಲಿಗೇರಿಸಿದಳು.

ತಂಗಿಯ ಡಿಪೋ ಊರಿನ ಇನ್ನೊಂದು ತುದಿಯಲ್ಲಿ. ಹದಿನಾರು ವರ್ಷದಲ್ಲಿ ಅವಳು ಅಲ್ಲಿಗೆ ಹೋದದ್ದು ಒಂದು ಸಲವೋ ಎರಡು ಸಲವೋ. ಎಣ್ಣೆ ಕಲೆಯ ಅಂಗಳ, ಸಾಲಾಗಿ ನಿಂತ ಬಸ್ಸುಗಳು, ಚಕ್ರ ಬಿಚ್ಚಿಕೊಂಡು ಕೂತ ಒಂದು ಬಸ್ಸು. ತಂಗಿ ನಲ್ಲಿಯ ಬಳಿ ಬಾಟಲಿಗೆ ನೀರು ತುಂಬಿಸುತ್ತಿದ್ದಳು. ಸಮವಸ್ತ್ರ, ಹೆಗಲಿಗೆ ಟಿಕೆಟಿನ ಯಂತ್ರ, ಕೊರಳಲ್ಲಿ ಸೀಟಿ. ಅಕ್ಕನನ್ನು ಕಂಡವಳೇ ಬಾಟಲಿ ಬಿಟ್ಟು ಓಡಿಬಂದಳು.

"ಯಾಕೆ? ಅಮ್ಮಂಗೇನಾದ್ರೂ ಆಯ್ತಾ?"

"ಅಮ್ಮ ಚೆನ್ನಾಗಿದ್ದಾಳೆ ಕಣೇ. ನಿನ್ನ ಹತ್ರ ಮಾತಾಡೋಣ ಅಂತ ಬಂದೆ." ಅವಳು ತಂಗಿಯ ತೋಳು ಹಿಡಿದು ಕಾಂಪೌಂಡಿನ ಮೂಲೆಗೆ ಎಳೆದಳು. ನಿಂತುಕೊಂಡೇ, ಒಂದೇ ಉಸಿರಿನಲ್ಲಿ, ಉಂಗುರ, ಎರಡು ಔಷಧಿ, ಏಳು ಜನ, ನೀಲಿ ಗೆರೆ, ಬಟ್ಟೆ ಹೊಲಿಯುವವಳು, ಎಲ್ಲವನ್ನೂ ಹೇಳಿದಳು. ತಂಗಿಯ ಬಾಯಿ ತೆರೆದುಕೊಂಡೇ ಇತ್ತು.

"ಒಂಬತ್ತು ವರ್ಷದಿಂದ ಇದನ್ನ ಮಾಡ್ತಿದ್ಯಾ? ಭಾವ ರಬ್ಬರ್ ಅಂತಿದ್ರಲ್ಲೇ! ನಾನೂ ಯಾವುದೋ ಪೈಪು ಗೀಪು ಅಂದ್ಕೊಂಡಿದ್ದೆ. ಅಂದ್ರೆ ಇದು ಇದ್ದಿದ್ರೆ ನನಗೆ ಎಚ್‌ಐವಿ..."

"ಮೆಲ್ಲಗೆ ಮಾತಾಡೇ, ಯಾರಾದ್ರೂ ಕೇಳಿಸ್ಕೊಂಡಾರು."

"ಕೇಳಿಸ್ಕೊಳ್ಳಲಿ. ಇಲ್ಲಿ ಎಲ್ಲರಿಗೂ ಗೊತ್ತು."

ಅವಳಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಅನುಮಾನವಾಯಿತು. ತಂಗಿ ಸಹಜವಾಗಿ, ಬಸ್ಸಿನ ಸಮಯ ಹೇಳುವಷ್ಟು ಸಹಜವಾಗಿ ಹೇಳಿದಳು: ಆರು ವರ್ಷದ ಹಿಂದೆ, ಜೊತೆಯ ಕಂಡಕ್ಟರೊಬ್ಬಳಿಗೆ ಇದೇ ಕಾಗದ ಬಂದಾಗ ಅವಳು ರೈಲು ಹಳಿಯ ಕಡೆ ನಡೆದಿದ್ದಳಂತೆ; ಅವಳನ್ನು ಹಿಡಿದು ತರಲು ಹೋದ ತಂಗಿ, ದಾರಿಯಲ್ಲೇ, ನನಗೂ ಇದೆ, ನೋಡು ಹೇಗಿದ್ದೀನಿ ಎಂದು ಹೇಳಿದಳಂತೆ. ಒಬ್ಬಳಿಗೆ ಹೇಳಿದ ಮೇಲೆ ಉಳಿದವರಿಗೆ ಹೇಳುವುದು ಕಷ್ಟವಾಗಲಿಲ್ಲವಂತೆ. "ಮೊದಮೊದಲು ಇಬ್ಬರು ನನ್ನ ಲೋಟ ಮುಟ್ತಿರಲಿಲ್ಲ. ಆಮೇಲೆ ಅವರೇ ನನ್ನ ಡಬ್ಬಿಯಿಂದ ಕಸ್ಕೊಂಡು ತಿನ್ನೋಕೆ ಶುರು ಮಾಡಿದ್ರು." ಇಷ್ಟು ವರ್ಷ ಅಕ್ಕ ಉಸಿರು ಬಿಗಿಹಿಡಿದು ಕಾವಲು ಕಾಯ್ದ ಗುಟ್ಟನ್ನು, ಅದರ ಒಡತಿ ಯಾವಾಗಲೋ ಬಾಗಿಲು ತೆರೆದು ಹೊರಗೆ ಬಿಟ್ಟಿದ್ದಳು. ತಾನು ಕಾದಿದ್ದು ಬರೀ ಖಾಲಿ ಮನೆಯನ್ನು. ಅವಳಿಗೆ ಅವಮಾನವಾಯಿತು; ಅದರ ಹಿಂದೆಯೇ ತಂಗಿಯ ಮೇಲೆ ಎದೆ ಉಬ್ಬುವಷ್ಟು ಹೆಮ್ಮೆ ಬಂತು.

"ಪುಟ್ಟಿ, ಅವತ್ತು ಅಡುಗೆಮನೇಲಿ ನೀನು ಕೇಳಿದ್ದು ನಂಗೆ ಅರ್ಥ ಆಗಿತ್ತು ಕಣೇ. ಆಗದೇ ಇರೋ ಹಾಗೆ ಮಾಡಿದೆ. ಆ ಮಾತ್ರೆ ಕೊಟ್ಟು..."

"ಗೊತ್ತು," ಎಂದಳು ತಂಗಿ. "ಅವತ್ತೇ ಗೊತ್ತಾಯ್ತು. ಅರ್ಥ ಆಗಿದೆ ಅಂತ ನೀನು ಹೇಳಿದ್ರೂ ಏನು ಮಾಡೋಕಾಗ್ತಿತ್ತು? ಕಾಂಡೋಮ್ ಹಾಕ್ಕೋ ಅಂತ ಅವನಿಗೆ ಹೇಳೋ ಧೈರ್ಯ ನಂಗಿರಲಿಲ್ಲ. ಹೇಳಿದ್ರೂ ಅವನು ಕೇಳೋನಲ್ಲ. ನಿನ್ನ ಹತ್ರ ಇದ್ದಿದ್ದು ಆ ಮಾತ್ರೆ, ಅದನ್ನ ಕೊಟ್ಟೆ. ನಂಗೆ ಸಿಟ್ಟು ಅದಕ್ಕಲ್ಲ. ಆಮೇಲೆ ಇಷ್ಟು ವರ್ಷ ನೀನು ನನ್ನ ಮುಖ ನೋಡಿ ಮಾತಾಡಲೇ ಇಲ್ಲವಲ್ಲ, ಅದಕ್ಕೆ. ಬಂದಾಗೆಲ್ಲ ನನ್ನ ಕಿವಿ ನೋಡ್ಕೊಂಡು ಮಾತಾಡ್ತೀಯ."

ಅವಳು ತಲೆಯೆತ್ತಿದಳು. ತಂಗಿಯ ಮುಖ ಬಿಸಿಲಿಗೆ ಕಂದಿತ್ತು, ಕಣ್ಣಿನ ಬದಿಗಳಲ್ಲಿ ಸುಕ್ಕು ಬಿದ್ದಿತ್ತು, ಗಲ್ಲದ ಮೇಲೆ ಅವಳು ಎಂದೂ ಗಮನಿಸದ ಒಂದು ಚಿಕ್ಕ ಮಚ್ಚೆ. ಹುಟ್ಟಿನಿಂದಲೇ ಇದ್ದದ್ದಿರಬೇಕು. ಅಕ್ಕ ನೋಡುತ್ತಲೇ ಇದ್ದಾಗ ತಂಗಿಗೇ ನಾಚಿಕೆಯಾಗಿ, "ಸಾಕು ಬಾ, ದೃಷ್ಟಿ ಹಾಕ್ಬೇಡ" ಎಂದು ಅವಳ ಕೈ ಹಿಡಿದು ದರದರ ಎಳೆದುಕೊಂಡು ಹೆಂಗಸರ ವಿಶ್ರಾಂತಿ ಕೋಣೆಗೆ ನಡೆದಳು.

ತಗಡಿನ ಬೀರುಗಳು, ಬಿರುಕು ಬಿಟ್ಟ ಕನ್ನಡಿ, ಎರಡು ಬೆಂಚು. ಪಾಳಿ ಬದಲಾಗುವ ಹೊತ್ತು, ಎಂಟೊಂಬತ್ತು ಕಂಡಕ್ಟರುಗಳು ಕೂದಲು ಬಾಚಿಕೊಳ್ಳುತ್ತ, ಕಾಲು ನೀಡಿ ಕೂತು ಪಾದ ಒತ್ತಿಕೊಳ್ಳುತ್ತ ಇದ್ದರು. ತಂಗಿ ಬಾಗಿಲಲ್ಲೇ ಸೀಟಿ ಊದಿದಳು.

"ಎಲ್ಲರೂ ಕೇಳಿ. ಇವಳು ನಮ್ಮಕ್ಕ. ಗಂಡಸರ ಅಪ್ಪಣೆ ಇಲ್ಲದೆ ಹೆಂಗಸರು ತಮ್ಮನ್ನ ತಾವು ಕಾಪಾಡ್ಕೊಳ್ಳೋಕೆ ಒಂದು ಸಾಮಾನು ಮಾಡಿದ್ದಾಳೆ. ಇವಳ ಕೈಯಲ್ಲೇ ಮಾಡಿದ್ದಾಳೆ. ಹೇಳು ಅಕ್ಕ."

ಅಕ್ಕ ಹೇಳಿದಳು. ಮೊದಲು ಮಾತು ತೊದಲಿತು. ಮೊದಲಿಗೇ ಹೇಳಿದ್ದು, ಇದು ಇನ್ನೂ ಅಂಗಡಿಯಲ್ಲಿ ಸಿಗುವುದಿಲ್ಲ, ಎರಡು ಸಾವಿರ ಜನರ ಪರೀಕ್ಷೆ ಆಗಬೇಕು, ಮೂರೋ ನಾಲ್ಕೋ ವರ್ಷ ಹಿಡಿಯುತ್ತದೆ, ಆಮೇಲೂ ಎಲ್ಲ ರೋಗವನ್ನೂ ಇದು ತಡೆಯುವುದಿಲ್ಲ ಎಂದು. ಆಮೇಲೆ ಬೆರಳುಗಳನ್ನು ದುಂಡಗೆ ಹಿಡಿದು ಅಗಲ ತೋರಿಸಿದಳು. ಎಲ್ಲರ ಬಾಚಣಿಗೆಯೂ ನಿಂತಿತು.

"ದಿನಕ್ಕೆ ಎಂಟು ಗಂಟೆ ನಿಂತೇ ಇರ್ತೀವಿ. ರಸ್ತೆ ಹಳ್ಳ ದಿಣ್ಣೆ ಬೇರೆ. ಜಾರಿ ಬಿದ್ರೆ?" ದಪ್ಪನೆಯವಳೊಬ್ಬಳು ಕೇಳಿದಳು. ಕೋಣೆಯೆಲ್ಲ ಗೊಳ್ಳೆಂದಿತು.

"ಬೀಳಲ್ಲ," ಎಂದಳು ಅವಳೂ ನಗುತ್ತ. "ಸರಿಯಾದ ಜಾಗಕ್ಕೆ ಹೋಗಿ ಕೂತ್ರೆ ಅಲುಗಾಡಲ್ಲ. ಯಾವ ಅಳತೆಗೆ ಎಷ್ಟು ಬಿಗಿ ಇರ್ಬೇಕು ಅಂತ ನೋಡೋಕೇ ಎರಡು ವರ್ಷ ತಗೊಂಡೆ."

"ಅವನಿಗೆ ಗೊತ್ತಾಗುತ್ತಾ?" ಇದನ್ನು ಕೇಳಿದವಳು ಕಿಟಕಿಯ ಬಳಿ ಕೂತಿದ್ದ ಸಣ್ಣ ವಯಸ್ಸಿನವಳು, ತಲೆ ಎತ್ತದೆ ಕೇಳಿದ್ದಳು. ಈ ಸಲ ಯಾರೂ ನಗಲಿಲ್ಲ. ಅಚ್ಚಮ್ಮ ಹೋಗಿ ಅವಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು. ಅವಳ ಮುಖವನ್ನೇ ನೋಡುತ್ತ, ಒಂದೊಂದಾಗಿ, ಅವಸರವಿಲ್ಲದೆ ಹೇಳತೊಡಗಿದಳು. ಸಾಮಾನ್ಯವಾಗಿ ಗೊತ್ತಾಗುವುದಿಲ್ಲ, ಪರೀಕ್ಷೆಯಲ್ಲಿ ಹೆಚ್ಚಿನ ಗಂಡಂದಿರಿಗೆ ಗೊತ್ತಾಗಲಿಲ್ಲ. ಗೊತ್ತಾದರೆ ಏನು ಹೇಳಬಹುದು. ಪರೀಕ್ಷೆ ಮುಗಿಯುವವರೆಗೆ, ಈಗಲೇ, ನಾಳೆಯೇ, ಎಲ್ಲಿಗೆ ಹೋದರೆ ಯಾರನ್ನು ಕೇಳಬಹುದು. ಸಿಸ್ಟರ್ ಒಳ್ಳೆಯವರು, ಯಾಕೆ ಬಂದೆ ಅಂತ ಕೇಳುವುದಿಲ್ಲ. ಸಣ್ಣವಳು ನಿಧಾನವಾಗಿ ತಲೆ ಎತ್ತಿದಳು. ಉಳಿದವರು ಹತ್ತಿರ ಸರಿದು ಸುತ್ತ ನಿಂತರು.

ಹೊರಗೆ ಹಾರನ್ ಕೂಗಿತು. ಒಂದು ಸಲ, ಎರಡು ಸಲ. ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಐದು ಗಂಟೆ ಟ್ರಿಪ್ಪು ಕಣಮ್ಮಾ, ಹೊತ್ತಾಯ್ತು, ಜನ ಬೈತಾವ್ರೆ!" ಎಂದು ಕಿರುಚಿದ. ತಂಗಿ ಬಾಗಿಲಿಗೆ ಅಡ್ಡವಾಗಿ ನಿಂತು, ಅಂಗಳಕ್ಕೆಲ್ಲ ಕೇಳುವಂತೆ ಕೂಗಿದಳು:

"ಎರಡು ನಿಮಿಷ ನಿಲ್ಸಿ! ನಮ್ಮಕ್ಕ ಮಾತಾಡ್ತಿದ್ದಾಳೆ."